ಹಸನ್ ಎಂಬ ಹೆಸರು: ಅರ್ಥ, ಮೂಲ, ಕಾಗುಣಿತ, ನೋಂದಣಿ (ಪದೇ ಪದೇ ಕೇಳುವ ಪ್ರಶ್ನೆಗಳು)

ಹಾಸನ, ಸಕಲೇಶಪುರ, ಬೇಲೂರು, ಚಿಕ್ಕಮಗಳೂರು, ಮೂಡಿಗೆರೆ ಕಡೆ ಗಂಡುಮಗುವಿಗೆ ಹಸನ್ ಎಂದು ಹೆಸರಿಡಲು ಹೊರಟ ಮನೆಯವರು ಸಾಮಾನ್ಯವಾಗಿ ಕೇಳುವ ಪ್ರಶ್ನೆಗಳಿವು. ಹೆಸರಿನ ಅರ್ಥ ಎರಡು ಮಾತಿನಲ್ಲಿ ಮುಗಿಯುತ್ತದೆ. ಕಾಗುಣಿತ ಅಷ್ಟು ಬೇಗ ಮುಗಿಯುವುದಿಲ್ಲ, ಅದರಲ್ಲೂ ಹಾಸನ ಜಿಲ್ಲೆಯಲ್ಲಿ. ಹಾಗಾಗಿ ಬರಹ ಮತ್ತು ದಾಖಲೆಗಳ ಬಗ್ಗೆ ಇಲ್ಲಿ ಜಾಸ್ತಿಯೇ ಹೇಳಿದೆ.

ಹಸನ್ ಅಂದರೆ ಏನು?

ಒಳ್ಳೆಯ, ಚೆಂದದ ಎಂದು ಅರ್ಥ. ಅರಬ್ಬಿ ಪದ, ಹಾ, ಸೀನ್, ನೂನ್ ಎಂಬ ಮೂರು ಅಕ್ಷರಗಳ ಧಾತುವಿನಿಂದ ಬಂದ ಗುಣವಾಚಕ. ಹೆಸರಿನ ಪುಸ್ತಕಗಳು ‘ಸುಂದರ’ ಎಂದಷ್ಟೇ ಬರೆದು ಕೈತೊಳೆದುಕೊಳ್ಳುತ್ತವೆ. ಅದು ಅರ್ಧ ಅರ್ಥ. ಈ ಧಾತುವಿನಲ್ಲಿ ಮುಖದ ಚೆಲುವೂ ನಡತೆಯ ಒಳ್ಳೆಯತನವೂ ಒಟ್ಟಿಗೇ ಇವೆ, ಬಳಕೆಯಲ್ಲಿ ಎರಡನೆಯದೇ ಮುಂದು. ಕುರ್‌ಆನಿನ 2ನೇ ಅಧ್ಯಾಯದ 245ನೇ ವಚನದಲ್ಲಿ ಬರುವ ‘ಕರ್ಜೆ ಹಸನ’ ಎಂಬ ಮಾತು ಮಸೀದಿಗೆ ಹೋಗುವವರಿಗೆಲ್ಲ ಗೊತ್ತು: ಒಳ್ಳೆಯ ಸಾಲ. ಬಡ್ಡಿ ಇಲ್ಲದೆ ಕೊಡುವ ಕೈಸಾಲಕ್ಕೆ ಇಂದಿಗೂ ಅದೇ ಹೆಸರು. ಅಲ್ಲಿನ ಹಸನ ಈ ಹೆಸರಿನಲ್ಲಿರುವ ಪದವೇ.

ಹದೀಸ್, ಅಂದರೆ ಪ್ರವಾದಿಯವರ ನಡೆ-ನುಡಿಯ ವರದಿಗಳನ್ನು ಓದುವವರಿಗೆ ಇದು ಇನ್ನೊಂದು ರೀತಿಯಲ್ಲೂ ಪರಿಚಿತ. ಪೂರ್ತಿ ಗಟ್ಟಿಯಾದ ವರದಿ ‘ಸಹೀಹ್’, ದುರ್ಬಲವಾದದ್ದು ‘ಜಯೀಫ್’. ನಡುವೆ ನಿಂತು, ಒಪ್ಪಿಕೊಳ್ಳಬಹುದಾದದ್ದು ‘ಹಸನ್’.

ಅರಬ್ಬಿ ಗೊತ್ತಿಲ್ಲದವರ ಕಿವಿಗೂ ಈ ಹೆಸರು ಪರಕೀಯ ಅನ್ನಿಸುವುದಿಲ್ಲ. ‘ಬಾಳು ಹಸನಾಗಲಿ’ ಎಂದು ಹರಸುವ ನಾಡಿನಲ್ಲಿ ಪಕ್ಕದ ಮನೆಯ ಅಜ್ಜಿಗೆ ಅರ್ಥ ಬಿಡಿಸಿ ಹೇಳುವ ಕೆಲಸ ಬೀಳುವುದು ಕಡಿಮೆ.

ಈ ಹೆಸರು ಮೊದಲು ಯಾರಿಗಿಟ್ಟದ್ದು?

ಪ್ರವಾದಿ ಮುಹಮ್ಮದರ ಮೊಮ್ಮಗನಿಗೆ. ಮಗಳು ಫಾತಿಮಾ ಮತ್ತು ಅಳಿಯ ಅಲಿ ಅವರ ಹಿರಿಯ ಮಗ ಹಸನ್, ಹಿಜರಿ 3ರಲ್ಲಿ, ಅಂದರೆ ಕ್ರಿ.ಶ. 625ರಲ್ಲಿ ಮದೀನಾದಲ್ಲಿ ಹುಟ್ಟಿದರು. ರಂಜಾನ್ 15 ಅವರ ಹುಟ್ಟಿದ ದಿನ ಎಂಬುದು ವಾಡಿಕೆಯ ಲೆಕ್ಕ. ಹದೀಸ್ ಸಂಗ್ರಹಗಳ ಪ್ರಕಾರ ಅಲಿ ಅವರು ಮಗುವಿಗೆ ‘ಹರ್ಬ್’ ಎಂದು ಹೆಸರಿಡಲು ಯೋಚಿಸಿದ್ದರು. ಹರ್ಬ್ ಅಂದರೆ ಯುದ್ಧ. ಪ್ರವಾದಿಯವರು ಬೇಡ ಎಂದು ಹಸನ್ ಎಂದಿಟ್ಟರು. ಮರುವರ್ಷ ಎರಡನೆಯ ಮಗ ಹುಟ್ಟಿದಾಗಲೂ ಹೀಗೇ ಆಗಿ, ಆ ಮಗು ಹುಸೇನ್ ಆಯಿತು. ಅರಬರ ಹಳೆಯ ಚರಿತ್ರೆಕಾರರು ಈ ಎರಡೂ ಹೆಸರು ಅದಕ್ಕೆ ಮುಂಚೆ ಜನರಲ್ಲಿ ಬಳಕೆಯಲ್ಲಿರಲಿಲ್ಲ ಎಂದೇ ಬರೆಯುತ್ತಾರೆ.

ಯುದ್ಧದ ಹೆಸರು ತಪ್ಪಿದ ಆ ಮಗು ದೊಡ್ಡವನಾಗಿ ಮಾಡಿದ್ದೂ ರಾಜಿಯನ್ನೇ. 661ರಲ್ಲಿ ಕೂಫಾದಲ್ಲಿ ಅಲಿ ಅವರ ಹತ್ಯೆಯಾದ ಮೇಲೆ ಹಸನ್ ಸುಮಾರು ಆರು ತಿಂಗಳು ಖಲೀಫರಾಗಿದ್ದರು. ಮುಸ್ಲಿಮರೇ ಮುಸ್ಲಿಮರ ಮೇಲೆ ಕತ್ತಿ ಎತ್ತುವುದನ್ನು ತಪ್ಪಿಸಲು ಸಿರಿಯಾ ಆಳುತ್ತಿದ್ದ ಮುಆವಿಯಾ ಜೊತೆ ಒಪ್ಪಂದ ಮಾಡಿಕೊಂಡು ಅಧಿಕಾರ ಬಿಟ್ಟು ಮದೀನಾಕ್ಕೆ ಹಿಂತಿರುಗಿದರು. ಈ ನನ್ನ ಮಗನಿಂದ ಎರಡು ದೊಡ್ಡ ಬಣಗಳ ನಡುವೆ ಸಂಧಿಯಾಗಬಹುದು ಎಂದು ಪ್ರವಾದಿಯವರು ಹೇಳಿದ್ದ ಮಾತು ಬುಖಾರಿ ಸಂಗ್ರಹದಲ್ಲಿದೆ. ಹಸನ್ 670ರಲ್ಲಿ ತೀರಿಕೊಂಡು, ಮದೀನಾದ ಜನ್ನತುಲ್ ಬಖೀ ಸ್ಮಶಾನದಲ್ಲಿ ದಫನಾದರು.

ಅವರ ಸಂತತಿಯವರು ಹಸನಿ ಸೈಯದರು, ತಮ್ಮನ ಸಂತತಿಯವರು ಹುಸೇನಿ ಸೈಯದರು. ಬಗ್ದಾದಿನ ಶೇಖ್ ಅಬ್ದುಲ್ ಖಾದಿರ್ ಜೀಲಾನಿ ಅವರನ್ನು ತಂದೆಯ ಕಡೆಯಿಂದ ಹಸನಿ ಎಂದು ಎಣಿಸುತ್ತಾರೆ.

ಅದೇ ಧಾತುವಿನ ಬೇರೆ ಹೆಸರುಗಳು ಯಾವುವು? ಎಲ್ಲವೂ ಒಂದೇನಾ?

ಒಂದೇ ಅಲ್ಲ. ಧಾತು ಒಂದು, ಅಚ್ಚು ಬೇರೆ. ಹುಸೇನ್ ಎಂಬುದು ಹಸನ್‌ನ ಕಿರಿದಾದ, ಮುದ್ದಿನ ರೂಪ. ಪುಟ್ಟ ಹಸನ್ ಅಂದ ಹಾಗೆ. ಹಸ್ಸಾನ್ ಎಂಬುದು ಜೋರಿನ ರೂಪ, ಪ್ರವಾದಿಯವರ ಕಾಲದ ಕವಿ ಹಸ್ಸಾನ್ ಇಬ್ನ್ ಸಾಬಿತ್ ಅವರ ಹೆಸರು. ಅಹಸನ್ ಅಂದರೆ ಹೆಚ್ಚು ಒಳ್ಳೆಯ, ಎಲ್ಲಕ್ಕಿಂತ ಒಳ್ಳೆಯ. ಮೊಹಸಿನ್ ಅಂದರೆ ಒಳ್ಳೆಯದು ಮಾಡುವವನು, ಎಹಸಾನ್ ಅಂದರೆ ಮಾಡಿದ ಒಳಿತು. ತಹಸೀನ್ ಅಂದರೆ ಚೆಂದಗೊಳಿಸುವುದು, ಮೆಚ್ಚುವುದು. ಅದು ಗಂಡಿಗೂ ಹೆಣ್ಣಿಗೂ ನಡೆಯುತ್ತದೆ. ಹೆಣ್ಣುಮಕ್ಕಳಲ್ಲಿ ಹಸೀನಾ, ಹುಸ್ನಾ. ಅಲ್ಲಾಹನ 99 ನಾಮಗಳಿಗೆ ‘ಅಸ್ಮಾ ಉಲ್ ಹುಸ್ನಾ’ ಅನ್ನುವುದರಲ್ಲಿರುವ ಹುಸ್ನಾ ಇದೇ.

ಹಸನೈನ್ ಎಂಬ ಹೆಸರನ್ನೂ ಕೇಳಿರುತ್ತೀರಿ. ಅದು ಅರಬ್ಬಿಯ ದ್ವಿವಚನ: ‘ಇಬ್ಬರು ಹಸನ್’, ಅಂದರೆ ಹಸನ್-ಹುಸೇನ್ ಇಬ್ಬರೂ ಒಂದೇ ಹೆಸರಿನಲ್ಲಿ. ಅದನ್ನು ಒಬ್ಬ ಹುಡುಗನಿಗೇ ಇಡುತ್ತಾರೆ.

ಹಾಸನ ಊರಿಗೂ ಈ ಹೆಸರಿಗೂ ಸಂಬಂಧ ಇದೆಯೇ?

ಇಲ್ಲ. ಊರಿನ ಹೆಸರನ್ನು ಜನ ಹಾಸನಾಂಬೆಯಿಂದ ಹೇಳುತ್ತಾರೆ, ಆಶ್ವಯುಜ ಮಾಸದಲ್ಲಿ ದೀಪಾವಳಿ ಹೊತ್ತಿಗೆ ವರ್ಷಕ್ಕೊಮ್ಮೆ ಬಾಗಿಲು ತೆರೆಯುವ ಅದೇ ದೇವಿ. ಸಿಂಹಾಸನಪುರಿ ಎಂಬ ಸ್ಥಳಪುರಾಣವೂ ಉಂಟು. ಎರಡರಲ್ಲೂ ಅರಬ್ಬಿ ಇಲ್ಲ. ಊರು ‘ಹಾ’ ದೀರ್ಘ, ಹೆಸರು ‘ಹ’ ಹ್ರಸ್ವ. ಕನ್ನಡದಲ್ಲಿ ಬರೆದಾಗ ಗೊಂದಲವೇ ಇಲ್ಲ. ಗೊಂದಲ ಶುರುವಾಗುವುದು ಇಂಗ್ಲಿಷಿನಲ್ಲಿ ಬರೆದಾಗ. ಅದು ಮುಂದೆ ಬರುತ್ತದೆ.

ನಮ್ಮ ನಾಡಿನಲ್ಲಿ ಈ ಹೆಸರು ಎಷ್ಟು ಹಳೆಯದು?

ಬಹಮನಿ ರಾಜ್ಯ ಕಟ್ಟಿದವನ ಹೆಸರೇ ಅಲಾವುದ್ದೀನ್ ಹಸನ್ ಬಹಮನ್ ಷಾ. 1347ರಲ್ಲಿ ಪಟ್ಟಕ್ಕೆ ಬಂದು ಕಲಬುರಗಿಯನ್ನು ರಾಜಧಾನಿ ಮಾಡಿಕೊಂಡ. ಅಂದರೆ ರಾಜಮನೆತನದ ಹೆಸರಾಗಿಯೇ ಇದಕ್ಕೆ ಕನ್ನಡ ನೆಲದಲ್ಲಿ ಆರೂವರೆ ಶತಮಾನಕ್ಕೂ ಮೇಲ್ಪಟ್ಟ ವಯಸ್ಸು. ಹಳ್ಳಿಯ ಜನಕ್ಕೆ ಮುಟ್ಟಿದ್ದು ಮಾತ್ರ ದರ್ಬಾರಿನಿಂದಲ್ಲ, ಮೊಹರಂನಿಂದ. ಹಳೇ ಮೈಸೂರಿನ ಕಡೆ ಬಾಬಯ್ಯನ ಹಬ್ಬ ಎಂದು ಕರೆದು ಎಲ್ಲ ಜಾತಿಯವರೂ ಸೇರುತ್ತಿದ್ದ ಆ ದಿನಗಳಲ್ಲಿ ಅಣ್ಣ-ತಮ್ಮ ಇಬ್ಬರ ಹೆಸರೂ ಜೋಡಿಯಾಗಿಯೇ ಬಾಯಲ್ಲಿ ಬರುತ್ತಿದ್ದವು.

ಮಲೆನಾಡಿನ ಅಂಚಿಗೆ ಬಂದರೆ ರೂಪ ಬದಲಾಗುತ್ತದೆ. ಮೂಡಿಗೆರೆ, ಸಕಲೇಶಪುರದ ಕಾಫಿ ಸೀಮೆಯಲ್ಲಿ ಕರಾವಳಿಯಿಂದ ಬಂದು ನೆಲೆಸಿದ ಬ್ಯಾರಿ ಮನೆಗಳಿವೆ. ಅವರಲ್ಲಿ ಹಿರಿಯರ ಹೆಸರು ಹಸನಬ್ಬ, ಹುಸೇನಬ್ಬ. ‘ಅಬ್ಬ’ ಅಲ್ಲಿ ಗೌರವದ ಬಾಲ. ಈಗಿನ ಮಕ್ಕಳಿಗೆ ಆ ಬಾಲ ಸೇರಿಸುವುದು ಕಡಿಮೆಯಾಗಿ ಬರೀ ಹಸನ್ ಉಳಿದಿದೆ. ನಮಗೆ ಕೇಳಿದರೆ ಹಸನಬ್ಬ ಬಿಟ್ಟುಬಿಡುವಂಥ ಹೆಸರೇನಲ್ಲ. ಇಟ್ಟರೆ ಹುಟ್ಟಿದಾಗಲೇ ದಾಖಲೆಯಲ್ಲಿ ಪೂರ್ತಿ ಬರೆಸಬೇಕು, ಮನೆಯಲ್ಲಿ ಒಂದು, ಕಾರ್ಡಿನಲ್ಲಿ ಇನ್ನೊಂದು ಆಗಬಾರದು ಅಷ್ಟೇ.

ಕನ್ನಡದಲ್ಲಿ ಹೇಗೆ ಬರೆಯಬೇಕು?

ಹಸನ್. ಹ ಹ್ರಸ್ವ, ಸ ಒಂದೇ, ಕೊನೆಗೆ ನ್. ಮೂರು ಅಕ್ಷರವಾದರೂ ತಪ್ಪಾಗುವ ದಾರಿಗಳು ಇದಕ್ಕಿಂತ ಜಾಸ್ತಿ ಇವೆ. ‘ಹಾಸನ್’ ಅಂದರೆ ಊರು ಕಾಣುತ್ತದೆ. ‘ಹಸ್ಸನ್’ ಇಂಗ್ಲಿಷ್ ನೋಡಿ ಬರೆದ ರೂಪ, ಅರಬ್ಬಿಯಲ್ಲಿ ಅಂಥ ಹೆಸರಿಲ್ಲ. ‘ಹಸ್ಸಾನ್’ ಬೇರೆಯೇ ಹೆಸರು. ‘ಹಸನ್ನ’ ಮನೆಯ ಕೂಗು.

ನಮ್ಮ ಕಡೆಯ ವಿಶೇಷ ಒಂದಿದೆ. ಹಾಸನ ಸೀಮೆಯ ಆಡುಮಾತಿನಲ್ಲಿ ಪದದ ಮೊದಲ ಹಕಾರ ಬಿದ್ದುಹೋಗುತ್ತದೆ: ಹಾಸನ ಆಸ್ನ ಆಗುತ್ತದೆ, ಹಾಲು ಆಲು ಆಗುತ್ತದೆ. ಹಾಗೆಯೇ ಹಸನ್ ಸಾಬರು ಅಸನ್ ಸಾಬರಾಗುತ್ತಾರೆ. ಮಾತಿಗೆ ಅದು ಚೆಂದವೇ. ಆದರೆ ಕೌಂಟರಿನಲ್ಲಿ ಬಾಯಲ್ಲಿ ಹೇಳಿ ಬರೆಸಿದರೆ ಕೇಳಿದ ಹಾಗೆ ‘ಅಸನ್’ ಎಂದೇ ದಾಖಲಾಗುತ್ತದೆ, ಅಥವಾ ಜಾಣತನ ತೋರಿಸಲು ಹೋಗಿ ‘ಅಹಸನ್’ ಆಗುತ್ತದೆ. ಎರಡನೆಯದಂತೂ ಅರ್ಥವಿರುವ ಬೇರೆ ಹೆಸರು, ತಪ್ಪು ಎಂದು ಮೇಲುನೋಟಕ್ಕೆ ಗೊತ್ತೂ ಆಗುವುದಿಲ್ಲ. ಆದ್ದರಿಂದ ಬಾಯಲ್ಲಿ ಹೇಳಬೇಡಿ. ಒಂದು ಚೀಟಿಯಲ್ಲಿ ಕನ್ನಡದಲ್ಲೂ ಇಂಗ್ಲಿಷ್ ದೊಡ್ಡಕ್ಷರಗಳಲ್ಲೂ ಪೂರ್ತಿ ಹೆಸರು ಬರೆದು ಕೊಡಿ.

ಇಂಗ್ಲಿಷಿನಲ್ಲಿ ಒಂದು ಎಸ್ ಹಾಕಬೇಕೋ ಎರಡೋ?

ಒಂದು. ಎಚ್, ಎ, ಎಸ್, ಎ, ಎನ್: ಐದೇ ಅಕ್ಷರ.

ಎರಡು ಎಸ್ ಬರೆಯುವ ರೂಢಿ ಬಂದ ದಾರಿಗಳಲ್ಲಿ ಫ್ರೆಂಚ್ ಒಂದು. ಆ ಭಾಷೆಯಲ್ಲಿ ಎರಡು ಸ್ವರಗಳ ನಡುವೆ ಒಂದೇ ಎಸ್ ಬಂದರೆ ಅದನ್ನು ‘ಜ಼’ ಎಂದು ಓದುತ್ತಾರೆ, ಹಸನ್ ಹೋಗಿ ‘ಹಜ಼ನ್’ ಆಗುತ್ತದೆ. ಅದನ್ನು ತಪ್ಪಿಸಲು ಎಸ್ ಇಮ್ಮಡಿ ಮಾಡುತ್ತಾರೆ. 1961ರಿಂದ 1999ರವರೆಗೆ ಮೊರಾಕೊ ಆಳಿದ ದೊರೆ ಎರಡನೆಯ ಹಸನ್ ಅವರ ಹೆಸರು ಎಲ್ಲ ಕಡೆ ಎರಡು ಎಸ್‌ನಲ್ಲಿ ಕಾಣುವುದು ಇದಕ್ಕೇ. ನಮಗೆ ಆ ಕಷ್ಟವಿಲ್ಲ.

ನಮಗಿರುವ ಕಷ್ಟ ಬೇರೆ. ಎರಡು ಎಸ್ ಹಾಕಿದ ಕೂಡಲೇ ಅದು ಹಾಸನ ಜಿಲ್ಲೆಯ ಇಂಗ್ಲಿಷ್ ಕಾಗುಣಿತವಾಗುತ್ತದೆ, ಅಕ್ಷರಕ್ಕಕ್ಷರ. ಹುಟ್ಟಿದ ಊರೂ ಅದೇ, ವಿಳಾಸದ ಜಿಲ್ಲೆಯೂ ಅದೇ, ಹೆಸರೂ ಅದೇ ಆದರೆ ಅರ್ಜಿ ನೋಡುವವರಿಗೆ ಊರನ್ನು ತಪ್ಪಿ ಹೆಸರಿನ ಕಾಲಂನಲ್ಲಿ ಬರೆದಿದ್ದಾರೆ ಅನ್ನಿಸುವುದು ಸಹಜ. ಇನ್ನೂ ಒಂದು: ಆಧಾರ್ ನೋಂದಣಿಯಲ್ಲಿ ಇಂಗ್ಲಿಷ್ ಹೆಸರು ಹೊಡೆದರೆ ಕನ್ನಡ ರೂಪ ತಂತಾನೇ ಮೂಡುತ್ತದೆ. ಎರಡು ಎಸ್ ಕೊಟ್ಟರೆ ಅಲ್ಲಿ ‘ಹಾಸನ’ ಎಂದೇ ಬರಬಹುದು. ಒಂದು ಎಸ್ ಕೊಟ್ಟರೂ ‘ಹಾಸನ್’ ಬರುವ ಸಾಧ್ಯತೆ ಇದೆ. ಆಪರೇಟರ್ ಅದನ್ನು ಕೈಯಾರೆ ತಿದ್ದಬಹುದು, ತಿದ್ದಲು ಹೇಳಬೇಕು. ನಿಮ್ಮ ಕಡೆಗೆ ತಿರುಗಿಸಿಟ್ಟ ಪರದೆಯಲ್ಲಿ ಕನ್ನಡದ ಸಾಲನ್ನೂ ಓದಿ, ಸರಿ ಎಂದ ಮೇಲೆಯೇ ಮುಂದುವರಿಯಲು ಬಿಡಿ.

ಮನೆಯಲ್ಲಿ ತಂದೆ ಅಥವಾ ತಾತನ ಹೆಸರು ಈಗಾಗಲೇ ಎರಡು ಎಸ್‌ನಲ್ಲಿ ಆಸ್ತಿಪತ್ರ, ಪಾಸ್‌ಪೋರ್ಟುಗಳಲ್ಲಿದ್ದು, ಅದೇ ಮಗುವಿನ ಹೆಸರಿನ ಕೊನೆಯ ಭಾಗವಾಗಿ ಬರುವುದಾದರೆ ಮಾತ್ರ ಹಳೆಯ ಕಾಗುಣಿತವನ್ನೇ ಇಟ್ಟುಕೊಳ್ಳಿ. ಸರಿಯಾದ ಕಾಗುಣಿತಕ್ಕಿಂತ ಒಂದೇ ಕಾಗುಣಿತ ಮುಖ್ಯವಾಗುವ ಸಂದರ್ಭ ಅದು.

ಉರ್ದುವಿನಲ್ಲಿ ಬರೆಯುವಾಗ ಯಾವ ಹೇ, ಯಾವ ಸೀನ್?

ಬಡೀ ಹೇ (ಅರಬ್ಬಿಯ ಹಾ), ಸೀನ್, ನೂನ್. ಕನ್ನಡದ ಕಿವಿಗೆ ಎರಡು ಹೇಗಳೂ ಒಂದೇ, ಸೀನ್ ಮತ್ತು ಸ್ವಾದ್ ಕೂಡ ಒಂದೇ. ಅರಬ್ಬಿಗೆ ಹಾಗಲ್ಲ. ಸೀನ್ ಬದಲು ಸ್ವಾದ್ ಬರೆದರೆ ಕೋಟೆ, ಭದ್ರತೆಯ ಅರ್ಥ ಕೊಡುವ ಬೇರೆ ಧಾತುವಿಗೆ ಹೋಗುತ್ತದೆ. ಮದುವೆ ಕಾರ್ಡು, ಅಖೀಖಾ (ಮಗು ಹುಟ್ಟಿದ್ದಕ್ಕೆ ಕುರಿ ಅಥವಾ ಆಡು ಕೊಯ್ದು ಹಂಚುವ ಶಾಸ್ತ್ರ) ಕರೆಯೋಲೆ ಅಚ್ಚು ಹಾಕಿಸುವಾಗ ಈ ತಪ್ಪು ನುಸುಳುತ್ತದೆ. ಮಸೀದಿಯ ಇಮಾಮರಿಗೆ ಒಮ್ಮೆ ತೋರಿಸಿದರೆ ಮುಗಿಯಿತು.

ಅಬ್ಜದ್, ಅಂದರೆ ಅಕ್ಷರಕ್ಕೊಂದು ಅಂಕಿ ಕೊಟ್ಟು ಕೂಡುವ ಲೆಕ್ಕ ಕೇಳುವವರಿಗೆ: ಬಡೀ ಹೇ 8, ಸೀನ್ 60, ನೂನ್ 50, ಒಟ್ಟು 118. ಹುಸೇನ್‌ನಲ್ಲಿ ಒಂದು ಯೇ ಜಾಸ್ತಿ, ಅದರ ಬೆಲೆ 10, ಹಾಗಾಗಿ 128. ಈ ಅಂಕಿಗಳಿಂದ ಹಿಜರಿ ಇಸವಿ ಹೊಂದಿಸಿ ‘ತಾರೀಖೀ ನಾಮ್’ ಕಟ್ಟುವುದು ಹಳೆಯ ಉರ್ದು ಮನೆಗಳ ಹವ್ಯಾಸ, ಒಳ್ಳೆಯ ಪದಬಂಧದಾಟ. ಹುಡುಗನ ಭವಿಷ್ಯಕ್ಕೂ ಅದಕ್ಕೂ ಸಂಬಂಧ ಕಟ್ಟಬೇಕಿಲ್ಲ.

‘ಅಬ್ದುಲ್ ಹಸನ್’ ಎಂದು ಇಡಬಹುದೇ?

ಬೇಡ. ಇದು ಬಹಳ ಕಡೆ ಕಾಣುವ ತಪ್ಪು. ‘ಅಬ್ದ್’ ಅಂದರೆ ದಾಸ. ಅದರ ಮುಂದೆ ಅಲ್ಲಾಹನ ನಾಮವೇ ಬರಬೇಕು: ಅಬ್ದುಲ್ ಕರೀಮ್, ಅಬ್ದುಲ್ ರೆಹಮಾನ್. ಹಸನ್ ಆ 99 ನಾಮಗಳಲ್ಲಿ ಇಲ್ಲ. ಜನ ಮನಸ್ಸಿನಲ್ಲಿಟ್ಟುಕೊಂಡದ್ದು ಬಹುತೇಕ ‘ಅಬುಲ್ ಹಸನ್’, ಅಂದರೆ ಹಸನ್‌ನ ತಂದೆ. ಅದು ಅಲಿ ಅವರ ಬಿರುದು. ಗೋಲ್ಕೊಂಡದ ಕೊನೆಯ ಸುಲ್ತಾನ ತಾನಾಷಾನ ಹೆಸರೂ ಅಬುಲ್ ಹಸನ್. ದಕಾರ ಒಂದು ಸೇರಿದರೆ ಅರ್ಥ ಎಲ್ಲಿಂದ ಎಲ್ಲಿಗೋ ಹೋಗುತ್ತದೆ.

ಸರಿಹೋಗುವ ಜೋಡಣೆಗಳು ಬೇಕಾದಷ್ಟಿವೆ: ಮೊಹಮ್ಮದ್ ಹಸನ್, ಹಸನ್ ಅಲಿ, ಹಸನ್ ರಜಾ, ನೂರುಲ್ ಹಸನ್, ನಜ್ಮುಲ್ ಹಸನ್. ನೂರುಲ್, ನಜ್ಮುಲ್ ಅನ್ನುವಾಗ ಲಕಾರ ಹಾಗೇ ಉಳಿಯುತ್ತದೆ. ನಜ್ಮುದ್ದೀನ್ ಅನ್ನುವಾಗ ಅದು ದಕಾರದಲ್ಲಿ ಕರಗುತ್ತದೆ, ಹಕಾರದ ಮುಂದೆ ಕರಗುವುದಿಲ್ಲ. ಆದ್ದರಿಂದ ‘ನೂರುಹ್ಹಸನ್’ ಎಂದೆಲ್ಲ ಬರೆಯಬೇಡಿ. ಸೈಯದ್ ಎಂಬುದನ್ನು ಮನೆತನದಲ್ಲಿ ಇದ್ದರಷ್ಟೇ ಸೇರಿಸುವುದು ಮರ್ಯಾದೆ.

ಮೊಹಮ್ಮದ್ ಸೇರಿಸುವುದಾದರೆ ಪೂರ್ತಿ ಬರೆಸಿ. ಎಂಡಿ, ಎಂಒಎಚ್‌ಡಿ ಎಂಬ ಮೊಟಕು ರೂಪ ಜನನ ಪತ್ರದಲ್ಲಿ ಒಮ್ಮೆ ಕೂತರೆ, ಮುಂದೆ ಪ್ರತಿ ಕಚೇರಿಯಲ್ಲೂ ಇಬ್ಬರೂ ಒಬ್ಬರೇ ಎಂದು ಸಾಬೀತು ಮಾಡುವ ಅಫಿಡವಿಟ್ ಕೆಲಸ.

ಹೆಸರನ್ನು ಯಾವ ದಿನ ಇಡಬೇಕು? ಏಳನೇ ದಿನ ಎಣಿಸುವುದು ಹೇಗೆ?

ಹುಟ್ಟಿದ ದಿನವೇ ಇಟ್ಟರೂ ಸರಿ. ಏಳನೇ ದಿನ ಅಖೀಖಾ ಜೊತೆ ಇಡುವುದು ರೂಢಿಯ ಸುನ್ನತ್, ಅಂದರೆ ಪ್ರವಾದಿಯವರ ಪದ್ಧತಿ. ಆ ದಿನ ತಪ್ಪಿದರೆ 14, ಅದೂ ತಪ್ಪಿದರೆ 21. ಉರ್ದು ಮಾತಾಡುವ ಮನೆಗಳಲ್ಲಿ ಆರನೇ ದಿನದ ಛಟ್ಟಿ, 40ನೇ ದಿನದ ಚಿಲ್ಲಾ ಎಂಬ ಶಾಸ್ತ್ರಗಳೂ ಇವೆ. ಅವು ಮನೆಪದ್ಧತಿ; ಹೆಸರಿಗಾಗಿ ಅಲ್ಲಿಯವರೆಗೆ ಕಾಯಬೇಕಿಲ್ಲ.

ಎಣಿಕೆಯಲ್ಲಿ ಎಡವುವವರು ಬಹಳ. ಹುಟ್ಟಿದ ದಿನವೇ ಒಂದನೇ ದಿನ. ಸುಲಭದ ಲೆಕ್ಕ: ಹುಟ್ಟಿದ ವಾರದ ಹಿಂದಿನ ವಾರವೇ ಏಳನೇ ದಿನ. ಶುಕ್ರವಾರ ಬೆಳಿಗ್ಗೆ ಹುಟ್ಟಿದರೆ ಮುಂದಿನ ಗುರುವಾರ. ಆದರೆ ಇಸ್ಲಾಮಿ ದಿನ ಶುರುವಾಗುವುದು ಮಗ್ರಿಬ್‌ಗೆ, ಅಂದರೆ ಹೊತ್ತು ಮುಳುಗಿದಾಗ. ಶುಕ್ರವಾರ ರಾತ್ರಿ ಎಂಟಕ್ಕೆ ಹುಟ್ಟಿದ ಮಗು ಈ ಲೆಕ್ಕದಲ್ಲಿ ಶನಿವಾರದ್ದು. ಏಳನೇ ದಿನ ಮುಂದಿನ ಶುಕ್ರವಾರ. ಆಸ್ಪತ್ರೆಯ ಕಾಗದದಲ್ಲಿ ಮಾತ್ರ ಶುಕ್ರವಾರದ ತಾರೀಖೇ ಇರುತ್ತದೆ, ಇರಬೇಕು. ಎರಡನ್ನೂ ಬೆರೆಸಬೇಡಿ.

ಕ್ರಮ ಹೀಗೆ. ಹುಟ್ಟಿದ ಕೂಡಲೇ ಬಲಗಿವಿಯಲ್ಲಿ ಅಜಾನ್, ಎಡಗಿವಿಯಲ್ಲಿ ಇಖಾಮತ್ (ನಮಾಜ್ ಶುರುವಾಗುವ ಮುನ್ನ ಹೇಳುವ ಎರಡನೆಯ ಕರೆ). ಹಸನ್ ಹುಟ್ಟಿದಾಗ ಪ್ರವಾದಿಯವರೇ ಅವರ ಕಿವಿಯಲ್ಲಿ ಅಜಾನ್ ಹೇಳಿದರು ಎಂಬ ವರದಿ ತಿರ್ಮಿಜಿ ಮತ್ತು ಅಬೂದಾವೂದ್ ಸಂಗ್ರಹಗಳಲ್ಲಿದೆ. ಅಖೀಖಾಕ್ಕೆ ಗಂಡುಮಗುವಿಗೆ ಎರಡು ಕುರಿ ಅಥವಾ ಆಡು. ಅನುಕೂಲ ಇಲ್ಲದಿದ್ದರೆ ಒಂದಾದರೂ ಆಯಿತು. ಹಸನ್, ಹುಸೇನ್ ಇಬ್ಬರಿಗೂ ತಲಾ ಒಂದು ಟಗರು ಕೊಟ್ಟ ವರದಿಯೂ ಇದೆ, ತಲಾ ಎರಡರ ವರದಿಯೂ ಇದೆ.

ಪ್ರಾಣಿಯ ವಯಸ್ಸಿನಲ್ಲಿ ಹಾಸನ, ಚಿಕ್ಕಮಗಳೂರು ಜಿಲ್ಲೆಗಳವರು ಗಮನಿಸಬೇಕಾದ ವ್ಯತ್ಯಾಸವೊಂದಿದೆ. ಹನಫಿ, ಶಾಫಿ ಎಂಬುವು ಸುನ್ನಿಗಳ ಎರಡು ಧರ್ಮಶಾಸ್ತ್ರ ಪಂಥಗಳು. ಉರ್ದು ಮನೆಮಾತಿನವರು ಹೆಚ್ಚಾಗಿ ಹನಫಿ, ಬ್ಯಾರಿ ಮತ್ತು ಮಲಬಾರಿನಿಂದ ಬಂದವರು ಶಾಫಿ. ಹನಫಿ ಲೆಕ್ಕದಲ್ಲಿ ಆಡಿಗೆ ಒಂದು ವರ್ಷ ತುಂಬಿರಬೇಕು. ಕುರಿ ಆರು ತಿಂಗಳದ್ದಾದರೂ ವರ್ಷದ್ದರಷ್ಟು ಮೈತುಂಬಿ ಕಾಣುವಂತಿದ್ದರೆ ನಡೆಯುತ್ತದೆ. ಶಾಫಿಗಳಿಗೆ ಕುರಿ ಒಂದು ವರ್ಷದ್ದು, ಆಡು ಎರಡು ವರ್ಷದ್ದು. ಸಂತೆಯಲ್ಲಿ ಹಲ್ಲು ನೋಡಿಯೇ ಕೊಳ್ಳಿ. ಕುಂಟು, ಕುರುಡು, ಬಡಕಲು ಬೇಡ; ಬಕ್ರೀದ್ ಕುರ್ಬಾನಿಗೆ ಇರುವ ನಿಯಮಗಳೇ ಇಲ್ಲಿಯೂ.

ಮಾಂಸವನ್ನು ಮನೆಗೊಂದು ಪಾಲು, ನೆಂಟರಿಗೊಂದು, ಬಡವರಿಗೊಂದು ಎಂದು ಹಂಚುವುದು ಒಳ್ಳೆಯದು. ತಂದೆ-ತಾಯಿ, ಅಜ್ಜ-ಅಜ್ಜಿ ಅಖೀಖಾ ಮಾಂಸ ತಿನ್ನಬಾರದು ಎಂಬ ಮಾತು ನಮ್ಮಲ್ಲಿ ಗಟ್ಟಿಯಾಗಿ ಬೇರೂರಿದೆ. ಅದಕ್ಕೆ ಆಧಾರ ಇಲ್ಲ, ಎಲ್ಲರೂ ತಿನ್ನಬಹುದು.

ಅದೇ ದಿನ ತಲೆ ಬೋಳಿಸಿ, ಕೂದಲಿನ ತೂಕದಷ್ಟು ಬೆಳ್ಳಿ ಅಥವಾ ಅದರ ಬೆಲೆ ದಾನ ಮಾಡುತ್ತಾರೆ. ಫಾತಿಮಾ ಅವರು ಹಸನ್‌ಗೂ ಹುಸೇನ್‌ಗೂ ಹೀಗೆ ಮಾಡಿದ್ದರು. ಹಸುಗೂಸಿನ ಕೂದಲು ಕೆಲವೇ ಗ್ರಾಂ ಇರುತ್ತದೆ, ಅಡುಗೆಮನೆಯ ತಕ್ಕಡಿಗೆ ಅದು ಸಿಗುವುದಿಲ್ಲ. ಚಿಕ್ಕ ಪೊಟ್ಟಣದಲ್ಲಿ ಕಟ್ಟಿ ಬೆಳ್ಳಿ-ಬಂಗಾರದ ಅಂಗಡಿಯಲ್ಲಿ ತೂಗಿಸಿ, ಆ ದಿನದ ಬೆಳ್ಳಿ ದರಕ್ಕೆ ಗುಣಿಸಿ. ನೆತ್ತಿ ಮೆತ್ತಗಿರುತ್ತದೆ, ಹೊಸ ಬ್ಲೇಡು, ಪಳಗಿದ ಕೈ ಎರಡೂ ಬೇಕು. ಮಗುವಿಗೆ ಕಾಮಾಲೆ, ಜ್ವರ ಇದ್ದರೆ ಮುಂದೂಡಿ.

ಜನನ ಪ್ರಮಾಣಪತ್ರದಲ್ಲಿ ಹೆಸರು ಸೇರಿಸುವುದು ಹೇಗೆ?

ಮೊದಲ ಮಾತು: ಜನನ ನೋಂದಣಿ ಆಗುವುದು ಹುಟ್ಟಿದ ಜಾಗದಲ್ಲಿ, ಮನೆ ಇರುವ ಜಾಗದಲ್ಲಲ್ಲ. ಸಕಲೇಶಪುರದ ಮನೆ, ಹಾಸನದ ಆಸ್ಪತ್ರೆ ಎಂದರೆ ಪತ್ರ ಹಾಸನದ್ದೇ. ಚೊಚ್ಚಲ ಬಾಣಂತನಕ್ಕೆ ತವರಿಗೆ ಹೋಗಿ ಮಂಗಳೂರಿನಲ್ಲಿ ಹೆರಿಗೆಯಾದರೆ ಮಂಗಳೂರಿನದ್ದು. ಇದು ಗೊತ್ತಿಲ್ಲದೆ ತಮ್ಮೂರ ಕಚೇರಿಗೆ ಅಲೆದವರು ಅನೇಕರು.

ಹುಟ್ಟಿದ 21 ದಿನದೊಳಗೆ ಜನನ ನೋಂದಣಿ ಆಗಬೇಕು. ಆಸ್ಪತ್ರೆಯಲ್ಲಾದರೆ ಅವರೇ ನಮೂನೆ 1 ತುಂಬಿ ಕಳಿಸುತ್ತಾರೆ. ಆ ಹೊತ್ತಿಗೆ ಹೆಸರು ತೀರ್ಮಾನವಾಗಿರಲೇಬೇಕು ಎಂದೇನಿಲ್ಲ. 1969ರ ಜನನ ಮರಣ ನೋಂದಣಿ ಕಾಯಿದೆಯ 14ನೇ ಕಲಂ ಪ್ರಕಾರ ಹೆಸರಿಲ್ಲದೆ ನೋಂದಾಯಿಸಿ ಆಮೇಲೆ ಸೇರಿಸಬಹುದು: 12 ತಿಂಗಳೊಳಗೆ ಶುಲ್ಕವಿಲ್ಲದೆ, ಅದಾದ ಮೇಲೆ 15 ವರ್ಷದವರೆಗೆ ತಡಶುಲ್ಕ ಕಟ್ಟಿ. ನಮ್ಮ ಸಲಹೆ ಇಷ್ಟೇ: ಕಾಗುಣಿತ ಗಟ್ಟಿಯಾಗದಿದ್ದರೆ ಅವಸರದಲ್ಲಿ ಏನೋ ಒಂದು ಬರೆಸಬೇಡಿ, ಖಾಲಿ ಬಿಡಿ. ಖಾಲಿ ಜಾಗ ತುಂಬುವುದು ಸುಲಭ, ತಪ್ಪು ತಿದ್ದುವುದು ಕಷ್ಟ.

2023ರ ಅಕ್ಟೋಬರ್ 1 ಮತ್ತು ಆಮೇಲೆ ಹುಟ್ಟಿದ ಮಕ್ಕಳಿಗೆ ಈ ಪತ್ರದ ತೂಕ ಹೆಚ್ಚಾಗಿದೆ. ಶಾಲೆ ಸೇರಲು, ಮತದಾರರ ಪಟ್ಟಿಗೆ, ಚಾಲನಾ ಪರವಾನಗಿಗೆ, ಪಾಸ್‌ಪೋರ್ಟಿಗೆ ಹುಟ್ಟಿದ ದಿನಾಂಕ ಮತ್ತು ಸ್ಥಳದ ದಾಖಲೆ ಇದೇ. ಆದ್ದರಿಂದ ಪತ್ರ ಕೈಗೆ ಬಂದಾಗ ಕೌಂಟರ್ ಬಿಟ್ಟು ಹೊರಡುವ ಮುನ್ನ ನಾಲ್ಕು ಸಾಲು ಓದಿ: ಮಗುವಿನ ಹೆಸರು ಕನ್ನಡದಲ್ಲಿ, ಇಂಗ್ಲಿಷಿನಲ್ಲಿ; ತಂದೆಯ ಹೆಸರು, ತಾಯಿಯ ಹೆಸರು ಅವರವರ ಆಧಾರ್‌ನಲ್ಲಿ ಇದ್ದಂತೆ.

ಈಗಾಗಲೇ ತಪ್ಪಾಗಿದೆ, ತಿದ್ದಿಸಬಹುದೇ?

ಬರವಣಿಗೆಯ ತಪ್ಪಾದರೆ ಅದೇ ಕಾಯಿದೆಯ 15ನೇ ಕಲಂನಡಿ ನೋಂದಣಾಧಿಕಾರಿ ತಿದ್ದಬಹುದು. ತಿದ್ದಿಸುವ ಕ್ರಮ ಮುಖ್ಯ. ಮೊದಲು ಜನನ ಪತ್ರ, ಅದನ್ನು ತೋರಿಸಿ ಆಧಾರ್, ಆಮೇಲೆ ಶಾಲೆಯ ದಾಖಲಾತಿ. ಸುಲಭ ಎಂದು ಮೊದಲು ಆಧಾರ್ ತಿದ್ದಿಸಿದರೆ ಮೂಲದಲ್ಲಿ ತಪ್ಪು ಹಾಗೇ ಉಳಿಯುತ್ತದೆ. ಆಧಾರ್‌ನಲ್ಲಿ ಹೆಸರು ಬದಲಿಸಲು ಜೀವಮಾನದಲ್ಲಿ ಎರಡೇ ಅವಕಾಶ. ಒಂದು ಎಸ್ ತೆಗೆಯಲು ಒಂದನ್ನು ಕಳೆದುಕೊಂಡರೆ ಉಳಿಯುವುದು ಒಂದೇ. ಶಾಲೆಯ ದಾಖಲೆಯನ್ನು ಎಸ್ಸೆಸ್ಸೆಲ್ಸಿ ಅಂಕಪಟ್ಟಿ ಅಚ್ಚಾಗುವ ಮುನ್ನವೇ ಸರಿಮಾಡಿಸಿ. ಆಮೇಲೆ ಎಲ್ಲ ಕೆಲಸಕ್ಕೂ ಜನ ಕೇಳುವುದು ಆ ಪಟ್ಟಿಯನ್ನೇ.

ಬರೀ ‘ಹಸನ್’ ಎಂದು ಒಂದೇ ಪದದ ಹೆಸರು ಸಾಕೇ?

ಊರಿನಲ್ಲಿ ಸಾಕು, ಹೊರದೇಶಕ್ಕೆ ಸಾಲದು. 2022ರ ನವೆಂಬರ್‌ನಿಂದ ಯುಎಇ ದೇಶ ಪಾಸ್‌ಪೋರ್ಟಿನಲ್ಲಿ ಒಂದೇ ಪದದ ಹೆಸರಿರುವವರಿಗೆ ಪ್ರವಾಸಿ, ಭೇಟಿ ವೀಸಾಗಳಲ್ಲಿ ತೊಡಕು ಮಾಡಿತು. ಹೆಸರು, ಕುಟುಂಬದ ಹೆಸರು ಎರಡೂ ಬೇಕು ಎಂದಿತು. ನಮ್ಮಲ್ಲಿ ಹೆಸರಿನ ಮುಂದೆ ಇನಿಷಿಯಲ್ ಹಾಕುವುದು ರೂಢಿ. ಪಾಸ್‌ಪೋರ್ಟಿನಲ್ಲಿ ಆ ಅಕ್ಷರವನ್ನು ಬಿಡಿಸಿ ಬರೆಯಬೇಕಾಗುತ್ತದೆ. ಆದ್ದರಿಂದ ಜನನ ಪತ್ರದಲ್ಲೇ ಎರಡು ಪದ ಇರಲಿ: ಹಸನ್ ಜೊತೆಗೆ ತಂದೆಯ ಹೆಸರೋ ಮನೆತನದ ಹೆಸರೋ, ಇನಿಷಿಯಲ್ ಆಗಿ ಅಲ್ಲ, ಪೂರ್ತಿಯಾಗಿ. ಮೂರಕ್ಕಿಂತ ಹೆಚ್ಚು ಪದವಾದರೆ ಅರ್ಜಿಯ ಚೌಕಗಳು ಸಾಲದೆ ಹೋಗಬಹುದು.

ಇದು ಶಿಯಾ ಹೆಸರೇ?

ಎರಡೂ ಕಡೆಯವರದು. ಶಿಯಾಗಳಿಗೆ ಹಸನ್ ಎರಡನೆಯ ಇಮಾಮರು, ಸುನ್ನಿಗಳಿಗೆ ಪ್ರವಾದಿಯವರ ಮೊಮ್ಮಗ. ಸುನ್ನಿ ಪರಂಪರೆಯಲ್ಲಿ ಬಹು ದೊಡ್ಡ ಹೆಸರಾದ ತಪಸ್ವಿ, ವಿದ್ವಾಂಸ ಬಸ್ರಾದ ಹಸನ್ (642–728) ಅವರನ್ನು ನೆನೆದು ಇಡುವವರೂ ಇದ್ದಾರೆ.

ರಾಶಿ, ನಕ್ಷತ್ರ ನೋಡಬೇಕೇ? ಹೆಸರು ‘ಭಾರ’ ಆಗುತ್ತದಂತೆ, ನಿಜವೇ?

ನೋಡಬೇಕಿಲ್ಲ. ಹೆಸರಿನ ಅರ್ಥ ಒಳ್ಳೆಯದಿರಬೇಕು ಎಂಬುದಷ್ಟೇ ನಿಯಮ. ಮಗು ಮೇಲಿಂದ ಮೇಲೆ ಕಾಯಿಲೆ ಬಿದ್ದರೆ ‘ನಾಮ್ ಭಾರೀ ಹೈ’ ಎಂದು ಹೆಸರು ಬದಲಿಸುವವರಿದ್ದಾರೆ. ಮಕ್ಕಳ ಡಾಕ್ಟರಿಗೆ ತೋರಿಸಿ. ಹೆಸರು ಬದಲಿಸಿದರೆ ಜ್ವರ ಇಳಿಯುವುದಿಲ್ಲ, ಕಚೇರಿಯ ಓಡಾಟ ಏರುತ್ತದೆ.

ಮೊದಲ ಮಗ ಹಸನ್ ಆದರೆ ಎರಡನೆಯವನಿಗೆ ಹುಸೇನ್ ಎಂದೇ ಇಡಬೇಕೇ?

ಕಡ್ಡಾಯವೇನಿಲ್ಲ. ಅವಳಿಗಳಿಗೆ ಹಿರಿಯನು ಹಸನ್, ಕಿರಿಯನು ಹುಸೇನ್ ಎಂದಿಡುವುದು ಅಚ್ಚುಮೆಚ್ಚಿನ ಪದ್ಧತಿ. ಇಡುವುದಾದರೆ ಒಂದು ಎಚ್ಚರ: ಇಬ್ಬರ ತಂದೆಯ ಹೆಸರು, ಹುಟ್ಟಿದ ದಿನ, ವಿಳಾಸ ಎಲ್ಲ ಒಂದೇ ಆಗಿ, ಹೆಸರಿನಲ್ಲೂ ಮೊದಲ ಅಕ್ಷರ ಒಂದೇ ಆದರೆ ಲಸಿಕೆ ಕಾರ್ಡು, ಶಾಲೆಯ ದಾಖಲಾತಿಗಳಲ್ಲಿ ಒಬ್ಬನದು ಇನ್ನೊಬ್ಬನಿಗೆ ಸೇರುವುದುಂಟು. ಇಬ್ಬರಿಗೂ ಎರಡನೆಯ ಪದ ಬೇರೆ ಇಡಿ: ಹಸನ್ ರಜಾ, ಹುಸೇನ್ ಅಲಿ, ಹೀಗೆ. ಲಸಿಕೆ ಹಾಕಿಸುವಾಗ ಎರಡೂ ಕಾರ್ಡನ್ನು ಒಟ್ಟಿಗೆ ಕೊಡದೆ, ಒಬ್ಬನದು ಬರೆದು ಮುಗಿದ ಮೇಲೆ ಇನ್ನೊಬ್ಬನದು ಕೊಡಿ.